ತೆರೆದಿಟ್ಟ ಬಾಗಿಲು: ಕೇಡಗಾಂವದ ಮುಕ್ತಿ ಸದನ ನಡೆದು ಬಂದ ದಾರಿ

ಕಲಬುರಗಿಯಲ್ಲಿ ಪುಣೆಯ ರೈಲು ಹತ್ತಿದರೆ ಸೊಲ್ಲಾಪುರ, ಕುರ್ಡುವಾಡಿ, ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. ಈ ದಾರಿಯಲ್ಲಿ ಹೋಗಿಬರುವ ನಮ್ಮ ಕಡೆಯ ಜನರಲ್ಲಿ ಬಹಳ ಮಂದಿಗೆ ಅದು ಕಿಟಕಿಯಾಚೆ ಸರಿದುಹೋಗುವ ಒಂದು ಹೆಸರಿನ ಹಲಗೆ, ಅಷ್ಟೆ. ನಾನೂ ಎಷ್ಟೋ ಸಲ ಅದನ್ನು ಹಾಗೆಯೇ ದಾಟಿ ಹೋಗಿದ್ದೇನೆ. ಆ ಹಲಗೆಯ ಹಿಂದೆ ಇರುವ ಊರಿನಲ್ಲಿ, ಚಿಕ್ಕಮಗಳೂರಿನ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಸಾವಿರಾರು ಅನಾಥ ಮಕ್ಕಳಿಗೆ ತಾಯಾಗಿ ಬಾಳಿದಳು ಎಂಬುದು ತಿಳಿದ ಮೇಲೆ ಮಾತ್ರ ಆ ನಿಲ್ದಾಣ ಬಂದಾಗ ಸುಮ್ಮನೆ ಕೂರಲು ಆಗುವುದಿಲ್ಲ.

ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಸದನಕ್ಕೆ ಒಂದೂಕಾಲು ಶತಮಾನ ತುಂಬಿದೆ. ಈ ಸ್ಮರಣ ಸಂಚಿಕೆಯಲ್ಲಿ ಕಟ್ಟಡಗಳ, ವರ್ಷಗಳ, ಮನೆಯಲ್ಲಿ ಇದ್ದುಹೋದವರ ಲೆಕ್ಕ ಇರಲೇಬೇಕು, ನಾನೂ ಕೊಡುತ್ತೇನೆ. ಆದರೆ ಈ ಸಂಸ್ಥೆಯ ಕಥೆಯನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದದ್ದು ಒಂದೇ ಸಂಗತಿ. ಇಲ್ಲಿ ಭಕ್ತಿಯನ್ನೂ ಸ್ವಾವಲಂಬನೆಯನ್ನೂ ಬೇರೆ ಬೇರೆ ಪಾಠಗಳಾಗಿ ಕಲಿಸಲಿಲ್ಲ. ತನ್ನ ಕಾಲ ಮೇಲೆ ನಿಲ್ಲಲಾರದವಳು ತನ್ನ ನಂಬಿಕೆಯನ್ನು ತಾನೇ ಆರಿಸಿಕೊಳ್ಳಲಾರಳು ಎಂಬುದು ರಮಾಬಾಯಿ ತಮ್ಮ ಬದುಕಿನಿಂದಲೇ ಕಂಡುಕೊಂಡದ್ದು. ಹಾಗಾಗಿ ಸಂಸ್ಥೆಯ ಕಥೆ ಅವರ ಹುಟ್ಟಿನಿಂದಲೇ ಶುರುವಾಗಬೇಕು.

ಬೆತ್ತದ ಪೆಟ್ಟಿಗೆ (1858–1882)

ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆಯರ ಮನೆಯ ಹೆಂಗಸೊಬ್ಬರು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ, ತನ್ನ ಹೆಂಡತಿಗೂ ಈ ವಿದ್ಯೆ ಕಲಿಸಬೇಕು ಎಂದು ನಿಶ್ಚಯಿಸಿದವರು. ಮೊದಲ ಹೆಂಡತಿಯ ಕಾಲದಲ್ಲಿ ಮನೆಯವರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಯ ದಾರಿಯಲ್ಲಿ ಕೈಹಿಡಿದ ಲಕ್ಷ್ಮೀಬಾಯಿಗೆ ಕಲಿಸಲು ಕೂತರು. ಊರು ಆಡಿಕೊಂಡಿತು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಣ್ಣು ಸಂಸ್ಕೃತ ಕಲಿಯುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ ಎಂದು ಶಾಸ್ತ್ರ ತೆಗೆದೇ ತೋರಿಸಬೇಕಾಯಿತು. ಕೊನೆಗೆ ಜನರ ಸಹವಾಸವೇ ಬೇಡವೆಂದು ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು.

ಕೂಸಿಗೆ ಆರು ತಿಂಗಳಾಗಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಮಗುವನ್ನು ಒಂದು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿ ಮಂಗಳೂರಿಗೆ ತಂದರು. ಅಲ್ಲಿಂದ ಮುಂದೆ ಊರಿಂದೂರಿಗೆ, ತೀರ್ಥದಿಂದ ತೀರ್ಥಕ್ಕೆ, ಪುರಾಣ ಓದಿ ಹೇಳಿ ಬಂದ ದಕ್ಷಿಣೆಯಲ್ಲಿ ಜೀವನ. ಮನೆ ಎನ್ನುವುದಿರಲಿಲ್ಲ, ಶಾಲೆ ಇರಲಿಲ್ಲ. ನಸುಕಿನಲ್ಲಿ, ಮನೆಗೆಲಸದ ಗಲಾಟೆ ಶುರುವಾಗುವ ಮುಂಚೆ, ತಾಯಿ ಮಗಳನ್ನು ಎಬ್ಬಿಸಿ ತೋಳಲ್ಲಿ ಹಿಡಿದುಕೊಂಡು ಪಾಠ ಹೇಳುತ್ತಿದ್ದಳು. ಹನ್ನೆರಡರ ಹೊತ್ತಿಗೆ ಆ ಹುಡುಗಿಗೆ ಭಾಗವತದ 18,000 ಶ್ಲೋಕ ಬಾಯಿಗೆ ಬರುತ್ತಿತ್ತು. ಸಂಸ್ಕೃತ, ಮರಾಠಿಗಳ ಜೊತೆಗೆ ಕನ್ನಡವೂ ತಿರುಗಾಟದಲ್ಲೇ ಬಂತು.

ಮುಂದೆ ಬಂದದ್ದು 1870ರ ದಶಕದ ಬರ. ಭಿಕ್ಷೆ ಎತ್ತಲು ನಾಚಿಕೆ, ಕೂಲಿ ಮಾಡಲು ಗೊತ್ತಿಲ್ಲ. ಶಾಸ್ತ್ರಗಳನ್ನೆಲ್ಲ ಬಲ್ಲ ಆ ಮನೆಯವರು ಸೊಪ್ಪು, ಎಲೆ ತಿಂದು ದಿನ ದೂಡಿದರು. 1874ರಲ್ಲಿ ತಂದೆ ಹೋದರು, ಹಿಂದೆಯೇ ತಾಯಿ, ಆಮೇಲೆ ಅಕ್ಕ. ತಾಯಿಯ ಶವ ಹೊರಲು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಬಂದರು, ಅಣ್ಣ ಶ್ರೀನಿವಾಸ ಮೂರನೆಯವ, ನಾಲ್ಕನೆಯ ಹೆಗಲು ರಮಾಳದು. ಕುಳ್ಳಿಯಾದ್ದರಿಂದ ಹೆಗಲಿಗೆ ಎಟುಕದೆ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು. ಪುಸ್ತಕದ ವಿದ್ಯೆಯೊಂದಿದ್ದು ಕೈಯ ಕಸುಬು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆಕೆ ಮರೆಯಲಿಲ್ಲ. ಮುಂದೆ ಕೇಡಗಾಂವದಲ್ಲಿ ಪಾಠಶಾಲೆಯ ಜೊತೆಗೇ ಮಗ್ಗ, ಗಾಣ, ಅಚ್ಚುಕೂಟ ಎದ್ದದ್ದಕ್ಕೆ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ.

ಅಣ್ಣ ತಂಗಿ ನಡೆದೇ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಅವಳ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ಜಾತಿ ಮೀರಿದ ಮದುವೆ, 1881ರಲ್ಲಿ ಮಗಳು ಮನೋರಮಾ, 1882ರಲ್ಲಿ ಕಾಲರಾ ಬಡಿದು ಗಂಡನ ಸಾವು. ಇಪ್ಪತ್ನಾಲ್ಕು ತುಂಬುವ ಮೊದಲೇ ವಿಧವೆ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಈ ದೇಶದ ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಹೆಂಗಸರೇ ವೈದ್ಯರಾಗಬೇಕು ಎಂದು ವಾದಿಸಿದರು.

ನಂಬಿಕೆಯ ಹುಡುಕಾಟ (1883–1888)

ವೈದ್ಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜಿನ ಸಂನ್ಯಾಸಿನಿಯರ ಆಶ್ರಯದಲ್ಲಿದ್ದು, ಆ ವರ್ಷದ ಸೆಪ್ಟೆಂಬರ್ 29ರಂದು ಮಗಳ ಸಹಿತ ದೀಕ್ಷಾಸ್ನಾನ ಪಡೆದರು. ದಾರಿ ತಪ್ಪಿದ ಹೆಂಗಸರನ್ನು ಆ ಸೋದರಿಯರು ಕೈಹಿಡಿದು ನಡೆಸುತ್ತಿದ್ದ ಬಗೆ ಅವರ ಮನಸ್ಸು ಕರಗಿಸಿತ್ತು. ಸಮಾಜ ಬೀದಿಗೆ ತಳ್ಳಿದವರನ್ನು ಮನೆಯೊಳಗೆ ಕರೆದುಕೊಳ್ಳುವ ಧರ್ಮ ಅವರಿಗೆ ಬೇಕಿತ್ತು.

ಆದರೆ ತಮ್ಮ ಪರವಾಗಿ ಇನ್ನೊಬ್ಬರು ಯೋಚಿಸುವುದಕ್ಕೆ ಅವರು ಆಗಲೂ ಒಪ್ಪಲಿಲ್ಲ. ಏನನ್ನು ನಂಬಬೇಕು, ಯಾವ ಮಾತನ್ನು ಹೇಗೆ ಅರ್ಥೈಸಬೇಕು ಎಂಬ ಬಗ್ಗೆ ವಾಂಟೇಜಿನ ಹಿರಿಯರಿಗೂ ಅವರಿಗೂ ಪತ್ರಗಳಲ್ಲಿ ದೀರ್ಘ ಚರ್ಚೆ ನಡೆಯಿತು. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದಲ್ಲಿ ಅವರು ಬರೆದದ್ದುಂಟು. ಅಭಿಪ್ರಾಯ ಬೇರೆಯಾದರೂ ಪ್ರೀತಿ ಹರಿಯಲಿಲ್ಲ, ಪತ್ರಗಳು ವರ್ಷಗಟ್ಟಲೆ ಓಡಾಡಿದವು. ಮಗಳು ಮನೋರಮಾಳ ಓದು ಕೆಲಕಾಲ ಅದೇ ಸೋದರಿಯರ ನೆರಳಿನಲ್ಲಿ ನಡೆಯಿತು.

ಆನಂದಿಬಾಯಿ ಜೋಶಿಯವರು ವೈದ್ಯೆಯಾಗಿ ಪದವಿ ಪಡೆಯುವುದನ್ನು ಕಾಣಲು 1886ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದವರು ಎರಡು ವರ್ಷಕ್ಕೂ ಮೇಲೆ ಅಮೆರಿಕೆಯಲ್ಲಿ ಉಳಿದರು. ಮಕ್ಕಳನ್ನು ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯ ತರಬೇತಿ ಪಡೆದರು. ಮೇಲುಜಾತಿಯ ಹಿಂದೂ ಹೆಂಗಸರ ಪಾಡನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಅಲ್ಲಿನ ಜನರ ಮನ ತಟ್ಟಿತು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಅವರ ಶಾಲೆಯ ಖರ್ಚು ನೋಡಿಕೊಳ್ಳುವುದಾಗಿ ಮಾತು ಕೊಟ್ಟಿತು.

ಶಾರದಾ ಸದನ (1889–1895)

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನದ ಬಾಗಿಲು ತೆರೆಯಿತು. ಮೊದಲ ದಿನ ಇದ್ದ ವಿದ್ಯಾರ್ಥಿನಿಯರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಸೇರಿದ ಮೊದಲ ವಿಧವೆ ಗೋದೂಬಾಯಿ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಶುಭಕಾರ್ಯಕ್ಕೆ ಬರಬೇಡವೆಂದು ಅಡುಗೆಮನೆಯ ಮೂಲೆಗೆ ತಳ್ಳುತ್ತಿದ್ದ ಕಾಲ ಅದು. ನಮ್ಮ ಮುತ್ತಜ್ಜಿಯರ ಕಾಲದ ಮನೆಗಳಲ್ಲೂ ಅಂಥ ಒಂದು ಮೂಲೆ ಇದ್ದೇ ಇತ್ತು. ಆ ಮೂಲೆಯಿಂದ ಎದ್ದು ಬಂದ ಹುಡುಗಿಗೆ ಸಾಹಿತ್ಯದ ಜೊತೆ ಶರೀರಶಾಸ್ತ್ರ, ಸಸ್ಯಶಾಸ್ತ್ರ ಕಲಿಸಿದರು. ತನ್ನ ಮೈಯೊಳಗೆ ಏನಿದೆ, ಅಂಗಳದ ಗಿಡ ಹೇಗೆ ಬದುಕುತ್ತದೆ ಎಂದು ತಿಳಿದ ಹುಡುಗಿಯ ಮೈ ಮೇಲಿನ ನಾಚಿಕೆ, ದೆವ್ವದ ಭಯ ಎರಡೂ ಎಷ್ಟು ಬೇಗ ಕಳಚುತ್ತವೆ ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು.

1890ರ ಕೊನೆಗೆ ಸದನ ಪುಣೆಗೆ ಬಂತು. ಇಲ್ಲಿ ಯಾವ ಮತವನ್ನೂ ಬೋಧಿಸುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರ ಪಾಲಿಸಿಕೊಂಡು ಇರಬಹುದು ಎಂಬುದು ಮೊದಲಿನಿಂದಲೂ ಇದ್ದ ಒಪ್ಪಂದ. ಅಡುಗೆ, ಮಡಿ, ಪೂಜೆ ಯಾವುದಕ್ಕೂ ತಡೆಯಿರಲಿಲ್ಲ. ರಮಾಬಾಯಿ ಮಾತ್ರ ತಮ್ಮ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು ಬೆಳಗಿನ ಪ್ರಾರ್ಥನೆ ಮಾಡುತ್ತಿದ್ದರು. ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಬನ್ನಿ ಎಂದು ಅವರು ಕರೆಯಲಿಲ್ಲ, ಬರಬೇಡಿ ಎಂದು ಮುಚ್ಚಲೂ ಇಲ್ಲ. ಮೊದಲು ಒಬ್ಬಳು ಹೊಸ್ತಿಲ ಬಳಿ ಬಂದು ಕೂತಳು, ಆಮೇಲೆ ಇನ್ನೊಬ್ಬಳು. ಸ್ವಲ್ಪ ದಿನಗಳಲ್ಲಿ ಹುಡುಗಿಯರ ಒಂದು ಗುಂಪೇ ಆಯಿತು.

ಪುಣೆಯಂಥ ಊರಿನಲ್ಲಿ ಇದು ಸುದ್ದಿಯಾಗದೆ ಇರಲಾರದು. ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಸದನದ ಸಲಹಾ ಮಂಡಳಿಯಲ್ಲಿದ್ದ ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮೊದಲಾದ ಹಿರಿಯರು 1893ರಲ್ಲಿ ಹೊರಬಂದರು. ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ಹಿರಿಯರು ಹೆಣ್ಣುಮಕ್ಕಳ ಓದಿಗಾಗಿ ಅದಕ್ಕೂ ಮುಂಚೆ, ಅದಾದ ಮೇಲೂ ದುಡಿದವರು. ಅವರ ಆತಂಕಕ್ಕೂ ಕಾರಣವಿತ್ತು. ಎಳೆಯ ಮಕ್ಕಳನ್ನು ನಂಬಿ ಕಳಿಸಿದ ಮನೆಗಳಿಗೆ ಅವರು ಉತ್ತರ ಹೇಳಬೇಕಿತ್ತು. ರಮಾಬಾಯಿಯವರ ಪಕ್ಷವೂ ಸರಳ: ನನ್ನ ಪ್ರಾರ್ಥನೆಯನ್ನು ನನ್ನ ಮನೆಯಲ್ಲೇ ಬಾಗಿಲು ಹಾಕಿಕೊಂಡು ಮಾಡಲಾರೆ. ಎರಡೂ ಕಡೆ ಪ್ರಾಮಾಣಿಕರು ಇದ್ದ ಜಗಳ ಅದು. ಇಷ್ಟು ವರ್ಷಗಳ ಮೇಲೆ ಅದರ ಕಾವು ಇಳಿದಿದೆ.

ಅದೇ 1893ರಲ್ಲಿ, ಸದನ ಹುಟ್ಟಿದ ತಾರೀಖಾದ ಮಾರ್ಚ್ 11ರಂದೇ, ಗೋದೂಬಾಯಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿಯಾದರು. ಆಕೆ ಹಿಂದೂವಾಗಿಯೇ ಓದಿದರು, ಹಿಂದೂವಾಗಿಯೇ ಬಾಳಿದರು. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಆ ದುಡಿಮೆಯ ಉದ್ದಕ್ಕೂ ಶಾರದಾ ಸದನದಲ್ಲಿ ಅಕ್ಷರ ಕಲಿತ ಆನಂದಿಬಾಯಿ ಜೊತೆಗಿದ್ದರು. ಆ ತೆರೆದ ಬಾಗಿಲಿನಿಂದ ಒಳಗೆ ಹೋದವರೂ ಇದ್ದರು, ಹೊರಗೆ ನಡೆದು ತಮ್ಮ ದಾರಿ ಹಿಡಿದವರೂ ಇದ್ದರು. ಸಂಸ್ಥೆಯ ಚರಿತ್ರೆ ಬರೆಯುವಾಗ ಎರಡನೆಯವರನ್ನು ಬಿಟ್ಟುಬಿಡುವ ಅಭ್ಯಾಸ ನಮಗಿದೆ. ಅದು ತಪ್ಪು.

ಹಣ್ಣಿನ ತೋಟ, ಬರದ ಮಕ್ಕಳು (1895–1900)

ಅಮೆರಿಕೆಯವರ ಹತ್ತು ವರ್ಷದ ವಾಯಿದೆ 1898ಕ್ಕೆ ಮುಗಿಯುವುದಿತ್ತು. ಆಮೇಲೆ? ಕೈಚಾಚಿ ನಿಲ್ಲುವ ಬದಲು ಸದನ ತನ್ನ ಅನ್ನ ತಾನೇ ಬೆಳೆದುಕೊಳ್ಳಬೇಕೆಂದು ರಮಾಬಾಯಿ ಲೆಕ್ಕ ಹಾಕಿದರು. ಪುಣೆಯಿಂದ ಐವತ್ತೈದು ಕಿಲೋಮೀಟರಿನಷ್ಟು ದೂರ, ರೈಲುಹಳಿಯ ಪಕ್ಕದ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಜಮೀನು ಕೊಂಡು ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸಿದರು. ತೋಟದ ಆದಾಯ ಶಾಲೆಗೆ ಎಂಬುದು ಯೋಜನೆ. ಹೀಗೆ ಮುಕ್ತಿಯ ನೆಲ ಮೊದಲಿಗೆ ತೋಟವಾಗಿತ್ತು, ಆಮೇಲೆ ಆಶ್ರಯಧಾಮವಾಯಿತು.

ಗಿಡ ಫಲ ಕೊಡುವುದಕ್ಕೆ ಮೊದಲೇ ಬರ ಬಂತು. 1896–97ರಲ್ಲಿ ಮಧ್ಯಪ್ರಾಂತ ಹೊತ್ತಿಕೊಂಡು ಒಣಗಿತು. ಪರಿಹಾರ ಕೇಂದ್ರಗಳಲ್ಲಿ ಹೆಣ್ಣುಮಕ್ಕಳ ಪಾಡು ಏನಾಗುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ, ತಾನೇ ಹಸಿದು ಅಲೆದ ದಿನಗಳು ರಮಾಬಾಯಿಯವರ ಕಣ್ಣ ಮುಂದೆ ಬಂದವು. ಸ್ವತಃ ಹೊರಟು ಹೋದರು. ಮೂಳೆ ಚರ್ಮ ಅಂಟಿಕೊಂಡ, ಮೈತುಂಬ ಹುಣ್ಣಾದ ಬಾಲೆಯರನ್ನು ಗುಂಪು ಗುಂಪಾಗಿ ರೈಲಿನಲ್ಲಿ ಕರೆತಂದರು. ಆ ಬರದಲ್ಲಿ ಅವರ ಬಳಿ ಬಂದು ಉಳಿದವರು ಮುನ್ನೂರರಷ್ಟು. ಆಗಲೇ ಪುಣೆಯಲ್ಲಿ ಪ್ಲೇಗು. ಊರೊಳಗೆ ಹೊಸಬರನ್ನು ಇಡುವ ಹಾಗಿರಲಿಲ್ಲ. ಮಕ್ಕಳನ್ನು ಕೇಡಗಾಂವದ ಹೊಲಕ್ಕೆ ಸಾಗಿಸಿದರು. ಡೇರೆ, ಹುಲ್ಲಿನ ಗುಡಿಸಲು, ಮರದ ನೆರಳು, ಇವೇ ಮುಕ್ತಿಯ ಮೊದಲ ಕಟ್ಟಡಗಳು. ಪ್ಲೇಗಿನ ಶಿಬಿರಗಳಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ ಎಂದು ರಮಾಬಾಯಿ 1897ರಲ್ಲಿ ಪತ್ರಿಕೆಗೆ ಬರೆದ ಕಾಗದ ಸರ್ಕಾರಕ್ಕೆ ಬಿಸಿ ಮುಟ್ಟಿಸಿತು. ದೊರೆಗಳ ಧರ್ಮಕ್ಕೆ ಸೇರಿದವಳಾದರೂ ದೊರೆಗಳ ಮುಂದೆ ಬಾಯಿ ಕಟ್ಟಿ ನಿಲ್ಲಲಿಲ್ಲ ಎಂಬುದನ್ನು ನಾನು ಇಲ್ಲಿ ಒತ್ತಿ ಹೇಳಬೇಕು.

1898ರ ಸೆಪ್ಟೆಂಬರಿನಲ್ಲಿ ಮುಕ್ತಿ ಎಂಬ ಹೆಸರು ನೆಲೆ ನಿಂತಿತು. ಅದೇ ವರ್ಷ ಅಮೆರಿಕೆಯ ಮಿನಿ ಏಬ್ರಮ್ಸ್ ಬಂದು ಸೇರಿದರು. 1899ರಲ್ಲಿ, ಮೋಸಹೋಗಿ ಎಲ್ಲಿಯೂ ನೆಲೆಯಿಲ್ಲದ ಹೆಣ್ಣುಮಕ್ಕಳಿಗಾಗಿ ಕೃಪಾ ಸದನ. 1900ರಲ್ಲಿ ಗುಜರಾತಿನ ಬರ, ಮತ್ತೆ ನೂರಾರು ಮಕ್ಕಳು. ಆ ವರ್ಷಕ್ಕೆ ಮುಕ್ತಿಯಲ್ಲಿ 1,500 ಮಂದಿ, ಕೊಟ್ಟಿಗೆಯಲ್ಲಿ ನೂರಕ್ಕೂ ಮೇಲೆ ದನ. ಬೆಳಗಾದರೆ 1,500 ಬಾಯಿ. ಎರಡು ಹೊತ್ತಿನ ಲೆಕ್ಕ ಹಿಡಿದರೂ, ಒಬ್ಬರಿಗೆ ಎರಡು ಭಾಕರಿಯಂತೆ, ದಿನಕ್ಕೆ ಆರು ಸಾವಿರ ಭಾಕರಿ ತಟ್ಟಬೇಕು. ಜೋಳದ ರೊಟ್ಟಿ ತಟ್ಟಿದ ಕೈಗಳಿಗೆ ಅದೆಷ್ಟು ದೊಡ್ಡ ಕೆಲಸ ಎಂದು ಹೇಳಬೇಕಾಗಿಲ್ಲ. ಸಂಬಳದ ಆಳುಗಳನ್ನಿಟ್ಟು ಇದನ್ನು ಮಾಡಿಸುವ ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಕೈಯ ಕೆಲಸ, ಬೆರಳ ತುದಿಯ ಅಕ್ಷರ (1900–1912)

ಹಳೆಯ ಶಾರದಾ ಸದನದ ಹುಡುಗಿಯರು ಈಗ ಬೆಳೆದು ಹೆಂಗಸರಾಗಿದ್ದರು. ಒಬ್ಬೊಬ್ಬರಿಗೆ ಒಂದೊಂದು ಗುಂಪು ಕಿರಿಯರ ಹೊಣೆ ಬಂತು. ತಲೆಗೆ ಎಣ್ಣೆ ಹಚ್ಚಿ ಬಾಚುವುದು, ಗಾಯಕ್ಕೆ ಮದ್ದು ಕಟ್ಟುವುದು, ಅಕ್ಷರ ತಿದ್ದಿಸುವುದು, ರಾತ್ರಿ ಹೆದರಿ ಎದ್ದವಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು. ನಿನ್ನೆ ತಾನೇ ಆಶ್ರಯ ಕೇಳಿ ಬಂದವಳು ಇಂದು ಇನ್ನೊಬ್ಬಳಿಗೆ ಆಶ್ರಯವಾಗಬೇಕು ಎಂಬುದು ಬಡತನ ಹುಟ್ಟಿಸಿದ ಏರ್ಪಾಡು. ಅದೇ ಈ ಮನೆಯ ಅತಿ ಒಳ್ಳೆಯ ಶಿಕ್ಷಣವೂ ಆಯಿತು.

ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಎಣ್ಣೆ ಗಾಣ, ಹಗ್ಗ ಹೊಸೆಯುವುದು, ಬಟ್ಟೆ ಒಗೆಯುವುದು, ಬೇಕರಿ, ತೋಟಗಾರಿಕೆ, ಪಾತ್ರೆಗೆ ಕಲಾಯಿ, ಅಚ್ಚುಕೂಟ ಎಲ್ಲವನ್ನೂ ಹೆಣ್ಣುಮಕ್ಕಳೇ ಕಲಿತರು. ಇವುಗಳಲ್ಲಿ ಹಲವು ಆಗ ಗಂಡಸರ ಕಸುಬು, ಅದೂ ಗೊತ್ತಾದ ಜಾತಿಗಳ ಕಸುಬು. ಮುಕ್ತಿಯಲ್ಲಿ ಕಲಾಯಿ ಹಾಕಿದ ಕೈಗೂ ಪಾಠ ಹೇಳಿದ ಕೈಗೂ ಒಂದೇ ಪಂಕ್ತಿಯಲ್ಲಿ ಊಟ.

ಕುರುಡರಿಗಾಗಿ ಎದ್ದ ಮನೆಗೆ, ಸುವಾರ್ತೆಯಲ್ಲಿ ದಾರಿಯ ಬದಿ ಕೂತು ಕೂಗಿದ ಕುರುಡ ಬಾರ್ತಿಮಾಯನ ನೆನಪಿನಲ್ಲಿ ಬಾರ್ತಿಮಿ ಸದನ ಎಂದು ಹೆಸರಿಟ್ಟರು. ಓದಿಗಾಗಿ ಅಮೆರಿಕೆಗೆ ಹೋಗಿದ್ದ ಮನೋರಮಾಬಾಯಿ ಅಲ್ಲಿ ಬ್ರೈಲ್ ಕಲಿತು ಬಂದು ಇಲ್ಲಿ ಕಲಿಸಿದರು. ಹಳ್ಳಿಯಲ್ಲಿ ಯಾರಿಗೂ ಬೇಡವಾಗಿ, ಹಾಡಿ ಬೇಡುವುದೊಂದೇ ಗತಿಯಾಗಿದ್ದ ಹುಡುಗಿ ಉಬ್ಬುಚುಕ್ಕೆಗಳ ಮೇಲೆ ಬೆರಳಾಡಿಸಿ ತಾನೇ ಓದತೊಡಗಿದಳು. ಓದಲು ಕಲಿತವರಲ್ಲಿ ಕೆಲವರು ತಾವೇ ಶಿಕ್ಷಕಿಯರಾದರು. ವೃದ್ಧೆಯರಿಗೆ ಪ್ರೀತಿ ಸದನ, ಗಂಡುಮಕ್ಕಳಿಗೆ ಸದಾನಂದ ಸದನ ಇದೇ ಕಾಲದವು.

ಹಣ? ಬ್ರಿಸ್ಟಲ್ಲಿನಲ್ಲಿ 1836ರಿಂದ ಅನಾಥಾಲಯ ನಡೆಸಿ, ಐದು ದೊಡ್ಡ ಮನೆಗಳಲ್ಲಿ ಎರಡು ಸಾವಿರ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಯಾರನ್ನೂ ಬೇಡದೆ ಪ್ರಾರ್ಥನೆಯನ್ನೇ ನೆಚ್ಚಿದ್ದರು. ಅವರ ಬದುಕಿನ ಕಥೆ ರಮಾಬಾಯಿಯವರಿಗೆ ಬಲ ಕೊಟ್ಟಿತ್ತು. ಆದರೆ ಪ್ರಾರ್ಥನೆ ಮುಗಿಸಿ ಎದ್ದವರು ತೋಟಕ್ಕೂ ಗಾಣಕ್ಕೂ ಹೋಗುತ್ತಿದ್ದರು ಎಂಬುದೂ ಅಷ್ಟೇ ನಿಜ.

1905ರ ಜೂನ್ ಕೊನೆಯ ವಾರದಲ್ಲಿ ಮುಕ್ತಿಯಲ್ಲಿ ಆರಂಭವಾದ ಉಜ್ಜೀವನ ಲೋಕದ ಕ್ರೈಸ್ತಸಭೆಗಳಲ್ಲೆಲ್ಲ ಹೆಸರಾಯಿತು. ಆ ವರ್ಷದ ಮೊದಲಲ್ಲಿ ಎಪ್ಪತ್ತು ಮಂದಿ ದಿನವೂ ಕೂಡಿ ಪ್ರಾರ್ಥಿಸತೊಡಗಿದ್ದರು. ಜೂನಿನ ಹೊತ್ತಿಗೆ ಅವರ ಸಂಖ್ಯೆ 550. ಅತ್ತು, ನಕ್ಕು, ಗಟ್ಟಿಯಾಗಿ ಕೂಗಿ ಪ್ರಾರ್ಥಿಸಿದ ಆ ದಿನಗಳ ಬಗ್ಗೆ ಆಗಲೂ ಬೇರೆ ಬೇರೆ ಅಭಿಪ್ರಾಯಗಳಿದ್ದವು. ಇದನ್ನು ಹತ್ತಿಕ್ಕಬೇಕು ಎಂದವರಿಗೆ ರಮಾಬಾಯಿ ಒಪ್ಪಲಿಲ್ಲ. ನಮ್ಮ ಹೆಣ್ಣುಮಕ್ಕಳು ದೇವರೊಡನೆ ಮಾತಾಡುವುದಕ್ಕೆ ಪಾಶ್ಚಾತ್ಯರ ಮೆಲುದನಿಯೇ ಬೇಕೆಂದಿಲ್ಲ ಎಂಬುದು ಅವರ ನಿಲುವಾಗಿತ್ತು. ಬಾಯಿ ಬಿಡಬಾರದೆಂದು ಬೆಳೆಸಿದ್ದ ಹುಡುಗಿಯರು ಅವರು. ನಾಲ್ಕು ಜನರ ಮುಂದೆ ತಮ್ಮ ದನಿ ತಾವೇ ಕೇಳಿಸಿಕೊಂಡದ್ದು ಹಲವರಿಗೆ ಅದೇ ಮೊದಲಿರಬೇಕು. ಮುಂದೆ ತಂಡ ತಂಡವಾಗಿ ಸುತ್ತಲ ಹಳ್ಳಿಗಳಿಗೂ ಹೋದರು.

ಕಲಬುರಗಿಯ ಕೊಂಬೆ

ಅದೇ ರೈಲುಹಳಿ ಹಿಡಿದು ಮುಕ್ತಿ ನಮ್ಮ ಕಡೆಗೂ ಬಂತು. 1910ರ ದಶಕದ ಮೊದಲ ವರ್ಷಗಳಲ್ಲಿ, ಆಗ ನಿಜಾಮರ ಸೀಮೆಗೆ ಸೇರಿದ್ದ ಕಲಬುರಗಿಯಲ್ಲಿ ಕ್ರೈಸ್ತ ಪ್ರೌಢಶಾಲೆ ಆರಂಭವಾಯಿತು. ಮನೋರಮಾಬಾಯಿಯವರೇ ಮುಖ್ಯೋಪಾಧ್ಯಾಯಿನಿ. ಓದಿಗೆ ಆ ಸೀಮೆ ಬಹಳ ಹಿಂದೆ ಬಿದ್ದಿತ್ತು, ಹೆಣ್ಣುಮಕ್ಕಳ ಓದಿಗಂತೂ ಕೇಳಲೇಬೇಡಿ. ತಾಯಿ ಹುಟ್ಟಿದ್ದು ಕನ್ನಡ ನಾಡಿನ ಮಲೆಯಲ್ಲಿ, ಮಗಳು ಶಾಲೆ ನಡೆಸಿದ್ದು ಕನ್ನಡ ನಾಡಿನ ಬಯಲಿನಲ್ಲಿ. ನಮ್ಮ ಜಿಲ್ಲೆಗಳ ಶಿಕ್ಷಣದ ಚರಿತ್ರೆಯಲ್ಲಿ ಇದಕ್ಕೆ ಒಂದು ಅಧ್ಯಾಯ ಸಲ್ಲಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ತಾಯಿಯ ನಂತರ ಮುಕ್ತಿಯ ಹೊಣೆ ಮನೋರಮಾಬಾಯಿಯವರದೇ ಎಂದು ಎಲ್ಲರೂ ತಿಳಿದಿದ್ದರು. 1921ರ ಜುಲೈ 24ರಂದು, ಇನ್ನೂ ನಲವತ್ತರ ವಯಸ್ಸಿನಲ್ಲಿ, ಮಿರಜಿನಲ್ಲಿ ಅವರು ತೀರಿಕೊಂಡರು.

ಬದಲಾದ ಕಾಲ, ಬದಲಾದ ಗುರಿ (1922ರ ಈಚೆ)

ರಮಾಬಾಯಿಯವರ ನಂತರ ಹೊಣೆ ಹೊತ್ತವರು ಹಲವರು, ದೇಶದವರೂ ಹೊರದೇಶದವರೂ. ಬರದ ಮಕ್ಕಳ ಪ್ರವಾಹ ನಿಂತಿತು. ಬಾಲವಿಧವೆಯರ ಸಂಖ್ಯೆ ಕಾನೂನಿನಿಂದ, ಓದಿನಿಂದ ಕ್ರಮೇಣ ಇಳಿಯಿತು. ಅವರ ಜಾಗದಲ್ಲಿ ಬಂದವರು ಬಿಟ್ಟುಹೋದ ಹಸುಗೂಸುಗಳು, ಒಡೆದ ಮನೆಗಳ ಮಕ್ಕಳು, ಅಂಗವಿಕಲರು. ಸಾಲು ಹಾಸಿಗೆಯ ದೊಡ್ಡ ವಸತಿಗೃಹಗಳ ಬದಲು, ಒಬ್ಬ ತಾಯಿಯ ಕೈಕೆಳಗೆ ಕೆಲವೇ ಮಕ್ಕಳು ಒಂದು ಮನೆಯಾಗಿ ಬೆಳೆಯುವ ಏರ್ಪಾಡು ಬಂತು. ಶಾಲೆ, ಆಸ್ಪತ್ರೆ ಸುತ್ತಲ ಹಳ್ಳಿಗಳವರಿಗೂ ತೆರೆದವು. 1989ರಲ್ಲಿ ಭಾರತ ಸರ್ಕಾರ ರಮಾಬಾಯಿಯವರ ಅಂಚೆಚೀಟಿ ಹೊರತಂದಿತು.

ಇಂದು ಯಾವ ಮಕ್ಕಳ ಮನೆಯೂ 2015ರ ಬಾಲನ್ಯಾಯ ಕಾಯ್ದೆಯ ಚೌಕಟ್ಟಿನಲ್ಲೇ ನಡೆಯಬೇಕು. ಮಗುವನ್ನು ಸೇರಿಸಿಕೊಳ್ಳುವುದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ. ಹದಿನೆಂಟು ತುಂಬಿದವರು ಮನೆ ಬಿಡಬೇಕು, ಇಪ್ಪತ್ತೊಂದರವರೆಗೆ ಅವರಿಗೆ ಬೆಂಬಲ ಕೊಡಲು ಅವಕಾಶವಿದೆ. ಹದಿನೆಂಟರ ಆ ದಿನದ ಸಂಕಟ ಮಕ್ಕಳ ಮನೆಗಳಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಪೆಟ್ಟಿಗೆ ಕಟ್ಟಿಕೊಂಡು ನಿಂತ ಹುಡುಗಿಗೆ ಕೈಯಲ್ಲೊಂದು ಕಸುಬು ಬೇಕು, ಬ್ಯಾಂಕಿನ ಪುಸ್ತಕದಲ್ಲಿ ಸ್ವಲ್ಪ ದುಡ್ಡು ಬೇಕು, ಹಬ್ಬಕ್ಕೆ ಬಾ ಎಂದು ಕರೆಯುವ ಒಂದು ಮನೆ ಬೇಕು. ನಂಬಿಕೆ ಎಂಬುದು ಆ ಹುಡುಗಿಯ ಒಳಗೆ ತಾನಾಗಿ ಬೇರೂರಿದ್ದರೆ ಮಾತ್ರ ಗೇಟಿನಾಚೆಗೂ ಅವಳ ಸಂಗಡ ಹೋಗುತ್ತದೆ. ಘಂಟೆ ಹೊಡೆದಾಗ ಸಾಲಾಗಿ ನಿಂತು ಹೇಳಿದ ಪ್ರಾರ್ಥನೆ ಗೇಟಿನಲ್ಲೇ ಉಳಿದುಬಿಡುತ್ತದೆ.

ಅಚ್ಚುಕೂಟ (1905–1924)

ಕಾಲಕ್ರಮದಲ್ಲಿ ಮೊದಲೇ ಬರಬೇಕಾಗಿದ್ದ ಇದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ.

ಆಗಿನ ಮರಾಠಿ ಸತ್ಯವೇದ ರಮಾಬಾಯಿಯವರ ಕಣ್ಣಿಗೆ ಸಂಸ್ಕೃತದ ಭಾರದಲ್ಲಿ ಬಗ್ಗಿತ್ತು. ತಾವೇ ಸಂಸ್ಕೃತದ ಪಂಡಿತೆ, ಅವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಬರದಲ್ಲಿ ಬದುಕಿ ಬಂದು ಈಗ ತಾನೇ ಅಕ್ಷರ ಕಲಿತ ಹುಡುಗಿಗೆ ಅದನ್ನು ಓದಿ ಅರ್ಥ ಹೇಳಲು ಇನ್ನೊಬ್ಬರು ಬೇಕು. ದೇವರ ಮಾತಿಗೂ ಓದುವವಳಿಗೂ ನಡುವೆ ಅರ್ಥ ಹೇಳುವವನೊಬ್ಬ ನಿಲ್ಲುವುದನ್ನು ಜೀವಮಾನವಿಡೀ ವಿರೋಧಿಸಿದವರು ಅವರು. ಹೀಬ್ರೂ, ಗ್ರೀಕ್ ಎರಡನ್ನೂ ಕಲಿತು, ಮೂಲದಿಂದಲೇ, ಹಳ್ಳಿಯ ಹೆಂಗಸು ಅಡುಗೆಮನೆಯಲ್ಲಿ ಆಡುವ ಮರಾಠಿಗೆ ಅನುವಾದಿಸಲು ಕೂತರು. ಹದಿನೇಳು ಹದಿನೆಂಟು ವರ್ಷ ಹಿಡಿಯಿತು. 1913ರಲ್ಲಿ ಹೊಸ ಒಡಂಬಡಿಕೆ ಹೊರಬಂತು. 1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಾಗಲೂ ಅವರು ಹಳೆಯ ಒಡಂಬಡಿಕೆಯ ಹಾಳೆಗಳ ನಡುವೆಯೇ ಇದ್ದರು.

ಅಚ್ಚಿನ ಕೆಲಸವೆಲ್ಲ ಮುಕ್ತಿಯ ಹುಡುಗಿಯರದು. ಮೊಳೆ ಜೋಡಿಸುವುದನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮೂರ ಅಚ್ಚುಕೂಟದ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಡಗೈಯಲ್ಲಿ ಸ್ಟಿಕ್ಕು. ಬಲಗೈ, ಎದುರಿನ ಮರದ ಕೇಸಿನ ನೂರಾರು ಗೂಡುಗಳಲ್ಲಿ ಕಣ್ಣಿಟ್ಟು ನೋಡದೆಯೇ ಬೇಕಾದ ಅಕ್ಷರ ಹೆಕ್ಕುತ್ತದೆ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ದೇವನಾಗರಿಗೆ ಅರ್ಧಾಕ್ಷರ ಬೇರೆ, ಮಾತ್ರೆಗಳು ಬೇರೆ, ರೇಫ ಬೇರೆ. ಒಂದು ಸಾಲು ಕಟ್ಟುವಷ್ಟರಲ್ಲಿ ಹತ್ತಾರು ಮೊಳೆ. ಸಾಲು ಸಡಿಲವಾದರೆ ಇಡೀ ಪುಟ ಉದುರುತ್ತದೆ. ಪ್ರೂಫು ತೆಗೆದು ತಿದ್ದಿ, ಮತ್ತೆ ಚಿಮಟದಿಂದ ತಪ್ಪು ಮೊಳೆ ಕಿತ್ತು, ಸರಿಯಾದದ್ದನ್ನು ಕೂರಿಸಿ, ಮಸಿ ಬಳಿದು, ಹಾಳೆ ಹಾಕಿ, ಅಚ್ಚಾದದ್ದನ್ನು ಒಣಗಿಸಿ, ಮಡಚಿ, ಹೊಲಿದು, ರಟ್ಟು ಕಟ್ಟುವುದು. ಪುಸ್ತಕ ಸತ್ಯವೇದದಷ್ಟು ದಪ್ಪ. ಬೆರಳಿಗೆ ಅಂಟಿದ ಸೀಸದ ಕಪ್ಪು ಸೀಗೆಕಾಯಿಗೂ ಹೋಗುವುದಿಲ್ಲ.

ಮಗಳನ್ನು ಕಳೆದುಕೊಂಡ ಮೇಲೆ ರಮಾಬಾಯಿಯವರ ದೇಹ ಬೇಗ ಕುಗ್ಗಿತು. ಕೊನೆಯ ಪ್ರೂಫುಗಳನ್ನು ತಿದ್ದಿ ಮುಗಿಸಲು ಇನ್ನು ಹತ್ತು ದಿನ ಕೊಡು ಎಂದು ಬೇಡಿಕೊಂಡರು, ತಿದ್ದಿ ಮುಗಿಸಿದರು ಎಂದು ಮುಕ್ತಿಯಲ್ಲಿ ಹೇಳುತ್ತಾ ಬಂದಿದ್ದಾರೆ. 1922ರ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು.

ಹಾಳೆಗಳು ಇನ್ನೂ ಅಚ್ಚಾಗಬೇಕಿತ್ತು. ತಪ್ಪಾದರೆ ಕೇಳಲು ಅವರಿರಲಿಲ್ಲ, ಮನೋರಮಾಬಾಯಿಯೂ ಇರಲಿಲ್ಲ. ಹುಡುಗಿಯರು ಕೇಸಿನ ಮುಂದೆ ಹೋಗಿ ನಿಂತರು. 1924ರಲ್ಲಿ ಸಂಪೂರ್ಣ ಸತ್ಯವೇದ ಮುಕ್ತಿಯ ಅಚ್ಚುಕೂಟದಿಂದ ಹೊರಬಂತು.